ಅಕಟಾ, ಅರ್ಬುದ!

2025ರ ಫೆಬ್ರವರಿ 4, ವಿಶ್ವ ಕ್ಯಾನ್ಸರ್ ದಿನದಂದು ಕೇರಳ ಸರಕಾರ ಒಂದು ತಪಾಸಣಾ ಅಭಿಯಾನಕ್ಕೆ ಚಾಲನೆ ಕೊಟ್ಟಿತು. ಹೆಸರು ‘ಆರೋಗ್ಯಂ ಆನಂದಂ, ಅಕಟ್ಟಾಂ ಅರ್ಬುದಂ’. ಕ್ಯಾನ್ಸರನ್ನು ದೂರವಿಡೋಣ ಎಂಬುದು ಮಲಯಾಳದ ಅರ್ಥ. ತಾಳಮದ್ದಳೆ ಕೇಳಿಯೇ ತಲೆ ನರೆಸಿಕೊಂಡ ನಮ್ಮ ಸೋದರಮಾವ, ಕಾಸರಗೋಡಿನ ಕನ್ನಡಿಗರು, ಪೇಟೆಯ ಗೋಡೆಯ ಮೇಲೆ ಅದನ್ನು ಅಕ್ಷರ ಕೂಡಿಸಿ ಓದಿ, “ಅಕಟಾ, ಅರ್ಬುದ!” ಎಂದು ಅರ್ಥೈಸಿಕೊಂಡರು. ಸರಕಾರವೇ ಧೃತರಾಷ್ಟ್ರನಂತೆ ಎದೆ ಬಡಿದುಕೊಳ್ಳುತ್ತಿರುವಾಗ ತಾವೇನು ಮಾಡಲಾದೀತು ಎಂದು ಪೆರ್ಲದ ಬಸ್ ಹತ್ತಿದರು.

ಮಾವನಿಗೂ ಆರೋಗ್ಯ ಇಲಾಖೆಯ ಭಾಷೆಗೂ ಹಿಂದೊಮ್ಮೆ ಜಗಳವಾಗಿತ್ತು. ಆರೋಗ್ಯ ಕೇಂದ್ರವೊಂದರಲ್ಲಿ ಅವರ ಕೈಗೆ ಕೊಟ್ಟ ಚೀಟಿಯಲ್ಲಿ ‘ಪ್ರಮೇಹಂ’ ಎಂದಿತ್ತು. ಮಲಯಾಳದಲ್ಲಿ ಪ್ರಮೇಹವೆಂದರೆ ಸಕ್ಕರೆ ಕಾಯಿಲೆ. ಮಾವ ಓದಿದ ಹಳೆಯ ಕನ್ನಡ ವೈದ್ಯಪುಸ್ತಕಗಳಲ್ಲಿ ಅದೇ ಪದಕ್ಕೆ ಇರುವ ಅರ್ಥವನ್ನು ಮರ್ಯಾದಸ್ಥರು ಜಗಲಿಯಲ್ಲಿ ಕುಳಿತು ಹೇಳುವಂತಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ, ನಾಲ್ಕು ಜನರೆದುರು ಇಂಥ ಆರೋಪ! ಅವರು ಚೀಟಿಯನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡವರು ಅತ್ತೆಗೆ ತೋರಿಸಿದ್ದು ಎರಡು ವರ್ಷದ ನಂತರ, ಕಾಲಿನ ಗಾಯ ಮಾಯದೇ ಇದ್ದಾಗ. ಕಾಸರಗೋಡಿನ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಬಹುದೆಂದು 1969ರ ಅಧಿಕೃತ ಭಾಷಾ ಕಾಯಿದೆ ಹೇಳುತ್ತದೆ. ಆ ಕಾಯಿದೆಯ ನಾಡಿಯನ್ನೂ ವರ್ಷಕ್ಕೊಮ್ಮೆ ಯಾರಾದರೂ ಹಿಡಿದು ನೋಡುವುದು ಒಳ್ಳೆಯದು.

ಈಗ ಮಾವನ ರೋಗ ಚೆನ್ನಾಗಿ ಪತ್ತೆಯಾಗುತ್ತಿದೆ. ಎಷ್ಟು ಚೆನ್ನಾಗಿ ಎಂದರೆ ಈ ವರ್ಷ ಮೂರು ಸಲ ಪತ್ತೆಯಾಯಿತು. ದಿನಾ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುವ ಮನುಷ್ಯ ಅವರು. ವಾಚನಾಲಯದ ಶಿಬಿರದಲ್ಲಿ ಒಮ್ಮೆ, ಸಹಕಾರಿ ಸಂಘದ ಶಿಬಿರದಲ್ಲಿ ಒಮ್ಮೆ, ಜಾತ್ರೆಯ ಗದ್ದೆಯಲ್ಲಿ ಒಮ್ಮೆ ಬೆರಳು ಚುಚ್ಚಿಸಿಕೊಂಡು ಬಂದರು. ಮೂರೂ ಕಡೆ ಚಹಾ ಮತ್ತು ಗೋಳಿಬಜೆ ಇತ್ತು. ಮೂರೂ ಕಡೆ “ನಿಮಗೆ ಶುಗರ್ ಇದೆ” ಎಂದು ಗಾಬರಿಯಿಂದ ಹೇಳಿದರು, ಇವರೂ ಪ್ರತಿಸಲ ಗಾಬರಿಯಾದಂತೆ ನಟಿಸಿದರು. ಹೀಗೆ ತಪಾಸಣೆಯ ಪ್ರಮಾಣ ಏರಿತು. ಗುಡ್ಡದಾಚೆಯ ಕಾಲನಿಯ ಹೆಂಗಸರು, ಕೂಲಿ ಬಿಟ್ಟು ಬರಲಾರದವರು, ಒಂದು ಸಲವೂ ಸಿಗಲಿಲ್ಲ. ಅವರನ್ನು ಹುಡುಕಿಕೊಂಡು ಗುಡ್ಡ ಹತ್ತಿದರೆ ದಿನಕ್ಕೆ ಐದು ತಲೆ, ಪೇಟೆಯಲ್ಲಿ ಕುಳಿತರೆ ಐವತ್ತು. ಲೆಕ್ಕ ಬಲ್ಲ ಯಾವ ಅಧಿಕಾರಿ ತಾನೇ ಗುಡ್ಡ ಹತ್ತಿಸಿಯಾನು?

ಮೂವತ್ತು ದಾಟಿದವರಿಗೆಲ್ಲ ತುಂಬಬೇಕಾದ ಒಂದು ನಮೂನೆಯಿದೆ. ವಯಸ್ಸು, ಹೊಗೆಸೊಪ್ಪು, ಕುಡಿತ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷದ ವ್ಯಾಯಾಮ, ತಂದೆತಾಯಿಯರ ಕಾಯಿಲೆ, ಪ್ರತಿಯೊಂದಕ್ಕೂ ಅಂಕ. ಒಟ್ಟು ನಾಲ್ಕು ದಾಟಿದರೆ ಅಪಾಯ. ನಿವೃತ್ತ ಮೇಷ್ಟ್ರಾದ ಮಾವನಿಗೆ ಏಳು ಬಂತು. ಅಂಕ ಹೆಚ್ಚು ಬರುವುದೂ ಕೆಟ್ಟದ್ದಾಗಬಹುದೆಂದು ಅವರನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಸೊಂಟದ ಟೇಪು ಮೂರು ವಾರ್ಡುಗಳಿಗೆ ಒಂದೇ ಇದ್ದುದರಿಂದ ನಮ್ಮ ವಾರ್ಡಿನ ಗಂಡಸರ ಸೊಂಟವೆಲ್ಲ ಸರಿಯಾಗಿ 90 ಸೆಂಟಿಮೀಟರ್. ಗಡಿ ದಾಟಿದರೆ ಅಂಕ ಸೇರುತ್ತದೆ. ನಮ್ಮವರು ಶಿಸ್ತಿನ ಜನ, ಒಬ್ಬರೂ ದಾಟಲಿಲ್ಲ.

ಬಾಯಿಯ ಪರೀಕ್ಷೆಯಂತೂ ನಮ್ಮ ಕಡೆ ಧರ್ಮಸಂಕಟ. ಟಾರ್ಚ್ ಹಿಡಿದು ಬಂದವರಿಗೆ ಮೊದಲು ತಾಂಬೂಲದ ಹರಿವಾಣ ಮುಂದಿಡುವುದು ರೂಢಿ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಇಪ್ಪತ್ತು ವರ್ಷ ದಾಟಿತು. ಅಡಿಕೆ ಮಾರಿಯೇ ಮಗಳ ಮದುವೆ ಮಾಡಿದವನ ಮುಂದೆ ಅದನ್ನು ಹೇಳುವ ಧೈರ್ಯ ಯಾರಿಗಿದೆ? ಕೆಂಪು ಬಾಯಿಯೊಳಗೆ ಕೆಂಪು ಹುಣ್ಣು ಹುಡುಕುವ ಕೆಲಸ ಅಷ್ಟರಲ್ಲೇ ಮುಗಿಯುತ್ತದೆ.

ನಾವು ತಪಾಸಣೆ ತಿಳಿಯದ ಜನವೇನೂ ಅಲ್ಲ. ಮಳೆಗಾಲ ಹಿಡಿಯುವ ಮೊದಲು ಪ್ರತಿಯೊಂದು ಅಡಿಕೆ ಮರದ ಗೊನೆಯನ್ನು ಕತ್ತೆತ್ತಿ ನೋಡುತ್ತೇವೆ. ಕೊಳೆರೋಗ ಬಂದ ಮೇಲೆ ಮದ್ದು ಬಿಟ್ಟು ಪ್ರಯೋಜನವಿಲ್ಲವೆಂದು ಚಿಕ್ಕ ಹುಡುಗನಿಗೂ ಗೊತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮರ ಹತ್ತುವವನು ಒಂದು ವಾರ ತಡಮಾಡಿದರೆ ನಿದ್ದೆ ಬರುವುದಿಲ್ಲ. ಆ ಮರದ ಬುಡದಲ್ಲಿ ನಿಂತವನ ರಕ್ತದೊತ್ತಡ ಕೊನೆಯ ಬಾರಿ ನೋಡಿದ್ದು ಯಾವಾಗ ಎಂದು ಕೇಳಿದರೆ ಆಕಾಶ ನೋಡುತ್ತಾನೆ. ಸರಕಾರಗಳೂ ನಮ್ಮ ಹಾದಿಯವೇ. ಕಾಸರಗೋಡಿನಲ್ಲಿ ತೆಂಗಿನ ಮರದ ಯೋಗಕ್ಷೇಮಕ್ಕೆ ಸಂಶೋಧನಾ ಕೇಂದ್ರ ಬಂದದ್ದು 1916ರಲ್ಲಿ. ಮನುಷ್ಯರಿಗಾಗಿ ಇದೇ ಜಿಲ್ಲೆಯ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ತೆಂಗಿಗೆ ವಯಸ್ಸಿನ ಗೌರವ ಸಲ್ಲಬೇಕಾದ್ದೇ.

ರೋಗ ಪತ್ತೆಯಾದ ಮೇಲೆ ಎಲ್ಲಿಗೆ? “ಮಂಗಳೂರಿಗೆ ಹೋಗಿ.” ಇದು ನಮ್ಮಲ್ಲಿ ಚಿಕಿತ್ಸೆಯ ಹೆಸರು. 2020ರ ಮಾರ್ಚ್‌ನಲ್ಲಿ ಕೊರೊನಾದ ಭಯಕ್ಕೆ ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು, ಜನ ಸತ್ತರು. ಅದರ ಬಗ್ಗೆ ನಗೆಯಾಡಲು ನನಗೆ ಬರುವುದಿಲ್ಲ.

ಮೊನ್ನೆ ಆಶಾ ಕಾರ್ಯಕರ್ತೆ ಜಗಲಿಗೆ ಬಂದು ಕುಳಿತರು. ಅಭಿಯಾನ ಶುರುವಾದ ಅದೇ ಫೆಬ್ರವರಿಯಲ್ಲಿ ಅವರ ಜತೆಗಾರ್ತಿಯರು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಮುಷ್ಕರ ಕುಳಿತಿದ್ದರು. ತಿಂಗಳಿಗೆ 7000 ರೂಪಾಯಿ ಗೌರವಧನ ಸಾಲದೆಂದು. ಗೌರವಕ್ಕೇ ಧನವೆಂದು ಹೆಸರಿಟ್ಟ ಮೇಲೆ ಜಾಸ್ತಿ ಕೇಳುವುದು ತಪ್ಪಲ್ಲವೇ? ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ, ಪಾದ ಊದಿಕೊಂಡಿತ್ತು. ಬೆಲ್ಲ, ನೀರು ಕೊಟ್ಟೆ.

“ಅಕ್ಕಾ, ನಿಮ್ಮ ಬಿಪಿ ಯಾರಾದರೂ ನೋಡಿದ್ದಾರೆಯೇ?”

ಅವರು ಮೊಬೈಲ್ ತೆರೆದು ತಪಾಸಣೆಯ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಿದರು. ಹೆಸರಿನೆದುರು ಹಸಿರು ಗುರುತು.

“ನನ್ನದು ಆಗಿಹೋಗಿದೆ ಅಣ್ಣಾ. ನಾನು ಮನೆಯಲ್ಲಿ ಇಲ್ಲದಾಗ ಬಂದು ಮಾಡಿ ಹೋಗಿದ್ದಾರೆ.”