ಕಾಲು ನೋಡಿದೆ, ಬೆನ್ನು ನೋಡಲಿಲ್ಲ

ನನ್ನ ಗಿಟಾರಿನ ಡಬ್ಬಿ ಸತ್ತಿದ್ದು ಜುಲೈ ತಿಂಗಳ ಒಂದು ಸಂಜೆ. ಬೆಳಗಾವಿ ಮಳೆ ಗೊತ್ತಲ್ಲ, ಕೂತರೆ ಏಳುವುದಿಲ್ಲ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬಂತು. ನಾಲ್ಕನೇ ಸಲ ಫ್ರಿಜ್ಜು, ಫ್ಯಾನು, ಟಿವಿ ಎಲ್ಲ ಬಂದವು. ಡಬ್ಬಿ ಮಾತ್ರ ಬರಲಿಲ್ಲ.

ಡಬ್ಬಿ ಅಂದರೆ ಪವರ್ಡ್ ಕ್ಯಾಬಿನೆಟ್ಟು. 12 ಇಂಚಿನ ಸ್ಪೀಕರು, ಅದರ ಬೆನ್ನಿಗೇ ಕೂತ ಆಂಪ್ಲಿಫೈಯರು. ಅವ್ವನಿಗೆ ಅದು ಮೊದಲಿನಿಂದಲೂ ಸ್ಟೂಲು. ಸತ್ತ ಎರಡೇ ದಿನಕ್ಕೆ ಅದರ ಮೇಲೆ ಒಣಗದ ಬನಿಯನ್ನುಗಳು ಬಂದು ಕೂತವು.

ಕಂಪನಿಗೆ ಮೇಲ್ ಹಾಕಿದೆ. ಬಹಳ ವಿನಯದ ಉತ್ತರ ಬಂತು: ಒಳಗಿನ ಆಂಪ್ಲಿಫೈಯರ್ ಬೋರ್ಡು, ಅಂದರೆ ಆ ಮಾಡ್ಯೂಲು, ಈಗ ತಯಾರಾಗುತ್ತಿಲ್ಲ, ದಯವಿಟ್ಟು ನಮ್ಮ ಹೊಸ ಮಾಡೆಲ್ ನೋಡಿ. ಡಬ್ಬಿ ತಗೊಂಡು ಆರೇ ವರ್ಷ! ಅವ್ವನ ಮಿಕ್ಸರಿಗೆ ಇಪ್ಪತ್ತು ವರ್ಷ. ಅದರ ಬ್ಲೇಡು ಇವತ್ತಿಗೂ ಖಡೇಬಜಾರಿನಲ್ಲಿ ಸಿಗುತ್ತದೆ.

ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಗಣಪತಿ ಹಬ್ಬ ಹತ್ತಿರ ಬಂದಿತ್ತು, ಅಂಗಡಿ ತುಂಬ ಡಾಲ್ಬಿ. ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಗೋಡೆಯ ಹಾಗೆ ಸ್ಪೀಕರು ಪೇರಿಸುತ್ತಾರಲ್ಲ, ನಮ್ಮ ಕಡೆ ಅದಕ್ಕೆ ಡಾಲ್ಬಿ ಅಂತಲೇ ಹೆಸರು. ಅಂಗಡಿಯವ ನನ್ನ ಡಬ್ಬಿಯನ್ನು ಒಂದು ಸುತ್ತು ನೋಡಿದ.

"ಇದೇನ್ರಿ ಸರ, ಡಾಲ್ಬಿ ಮರಿ?"

ಬಿಚ್ಚಿದ. ಒಳಗೆ ಕ್ಲಾಸ್ ಡಿ ಅನ್ನುವ ಬಗೆಯ ಮಾಡ್ಯೂಲು. ಪವರ್ ಸಪ್ಲೈ, ಆಂಪ್ಲಿಫೈಯರು ಎಲ್ಲ ಒಂದೇ ಬೋರ್ಡಿನ ಮೇಲೆ, ಸಾಸಿವೆಯಷ್ಟು ಸಣ್ಣ ಬಿಡಿಭಾಗಗಳು. "ಇದನ್ನ ರಿಪೇರಿ ಮಾಡೂದು ಆಗಂಗಿಲ್ರಿ. ಬ್ಯಾರೆ ಮಾಡ್ಯೂಲ ಹಾಕ್ರಿ. ನನಗಂತೂ ಗಣಪತಿ ಹೋಗೂತನಾ ಟೈಮಿಲ್ಲ."

ಹಾಕ್ರಿ ಅಂದನಲ್ಲ, ಅಷ್ಟು ಸಾಕಾಯಿತು. ನಾನು ಓದಿದ್ದು ಬಿ.ಕಾಂ.

ಮೊದಲು ಸ್ಪೀಕರು ಬದುಕಿದೆಯಾ ನೋಡಬೇಕು. ಅದರ ಮೇಲೆ 8 ಓಮ್ ಅಂತ ಬರೆದಿದೆ, ಮೀಟರು 6.2 ತೋರಿಸಿತು. ಮೋಸ ಹೋದೆ ಅಂತ ಒಂದು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಮೀಟರಿಗೆ ಕಾಣುವುದು ತಂತಿಯ ಅಡ್ಡಿ ಮಾತ್ರ, ಹಾಡು ಹರಿಯುವಾಗಿನ ಲೆಕ್ಕವೇ ಬೇರೆ. ಎಂಟರ ಸ್ಪೀಕರು ಆರು ತೋರಿಸಿದರೆ ಆರೋಗ್ಯವಾಗಿದೆ ಅಂತಲೇ ಅರ್ಥ.

ಹೊಸ ಮಾಡ್ಯೂಲು ಕೊರಿಯರಿನಲ್ಲಿ ಬಂತು. ಹಳೆಯದಕ್ಕಿಂತ ಎರಡು ಬೆರಳು ಉದ್ದ. ತೂತಿಗೆ ತೂತು ಕೂಡುವುದಿಲ್ಲ. ಕ್ಯಾಲೆಂಡರಿನ ಹಾಳೆಯ ಹಿಂದೆ ಚಿತ್ರ ಬರೆದುಕೊಂಡು ಉದ್ಯಮಬಾಗಕ್ಕೆ ಹೋದೆ, 3 ಮಿಲಿಮೀಟರ್ ಅಲ್ಯುಮಿನಿಯಂ ಪ್ಲೇಟು ಮಾಡಿಸಲು. ಅಲ್ಲಿನ ಜನ ಬೆಳಗಾದರೆ ಪಂಪು, ವಾಲ್ವು ಅಂತ ಕೂದಲೆಳೆ ಲೆಕ್ಕದಲ್ಲಿ ಕೆಲಸ ಮಾಡುವವರು. "ಎಷ್ಟು ಮೈಕ್ರಾನ್ ಇರ್ಲಿ ಸರ?" ಎಂದು ಮೇಸ್ತ್ರಿ ಕೇಳಿದಾಗ ನನ್ನ ಹತ್ತಿರ ಇದ್ದದ್ದು ಮಗಳ ಕಂಪಾಸ್ ಬಾಕ್ಸಿನ ಸ್ಕೇಲು. "ಸುಮ್ನೆ ಅಂದಾಜು" ಎಂದೆ. ಅಂದಾಜು ಅನ್ನುವ ಮಾತನ್ನು ಆ ಶೆಡ್ಡಿನಲ್ಲಿ ಯಾರೂ ಆಡಿರಲಿಕ್ಕಿಲ್ಲ, ಪಕ್ಕದ ಲೇಥಿನವನೂ ತಲೆ ಎತ್ತಿ ನೋಡಿದ.

ಅಸಲಿ ತಾಪತ್ರಯ ಬೇರೆ ಇತ್ತು. ವಾಲ್ಯೂಮಿನ ಗುಂಡಿ, ಗಿಟಾರಿನ ಜ್ಯಾಕು ಕೂತಿರುವ ಒಂದು ಸಣ್ಣ ಬೋರ್ಡಿದೆ. ಅದಕ್ಕೆ ಪ್ಲಸ್ 15, ಮೈನಸ್ 15 ವೋಲ್ಟು ಬೇಕು. ಹಳೆ ಮಾಡ್ಯೂಲು ಅದನ್ನೂ ಸಾಕುತ್ತಿತ್ತು. ಹೊಸ ಮಾಡ್ಯೂಲಿಗೆ ಆ ಸಂಸಾರ ಬೇಡ. ಸರಿ, ಒಂದು 15-0-15 ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು, ಎರಡು ಕೆಪಾಸಿಟರು, ಪ್ಲಸ್ 15 ವೋಲ್ಟು ಹಿಡಿದಿಡುವ ಚಿಪ್ 7815 ಒಂದು, ಮೈನಸ್ 15 ಹಿಡಿದಿಡುವ 7915 ಒಂದು ತಂದೆ.

ಎರಡನೇ ಶನಿವಾರ ಬೆಳಿಗ್ಗೆ ಕೂತೆ. ಸ್ಪೀಕರಿನ ಎರಡು ವೈರಿನಲ್ಲಿ ಪ್ಲಸ್ ಯಾವುದು ಅಂತ ಗುರುತಿರಲಿಲ್ಲ. ಗೋಡೆ ಗಡಿಯಾರದ ಸೆಲ್ ತೆಗೆದು ಮುಟ್ಟಿಸಿದೆ. ಕರ್ರ್ ಅಂತ ಸದ್ದಾಗಿ ಕೋನು ಕೂದಲಷ್ಟು ಮುಂದೆ ಬಂತು. ಮುಂದೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್. ಕೆಂಪು ಟೇಪು ಸುತ್ತಿದೆ.

7815, 7915 ನೋಡಲು ಅವಳಿಜವಳಿ, ಕಾಲುಗಳ ಕ್ರಮ ಮಾತ್ರ ಬೇರೆ. ಒಂದರಲ್ಲಿ ನಡುವಿನ ಕಾಲು ಗ್ರೌಂಡು, ಇನ್ನೊಂದರಲ್ಲಿ ನಡುವಿನದೇ ಇನ್‌ಪುಟ್ಟು. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಅನ್ನುವ ಜಂಬದಲ್ಲೇ ಎರಡನ್ನೂ ಬಿಸಿ ಹೀರುವ ಒಂದೇ ಲೋಹದ ಹೀಟ್‌ಸಿಂಕಿಗೆ ಸ್ಕ್ರೂ ಹಾಕಿ ಬಿಗಿದು ಸ್ವಿಚ್ ಒತ್ತಿದೆ. ಟಪ್. ಫ್ಯೂಸು ಹೋಯಿತು. ಅಂಗಡಿಗೆ ಓಡಿ ಇನ್ನೊಂದು ತಂದೆ. ಟಪ್.

"ತಮ್ಮಾ, ಊಟದ ಹೊತ್ತಾತೇನ ನೋಡೋ," ಅವ್ವ ಒಳಗಿನಿಂದ ಕೂಗಿದಳು. ಗಡಿಯಾರ ನೋಡಿದೆ. "ಇಲ್ಲವ್ವ, ಇನ್ನೂ ಹನ್ನೊಂದೂ ಹತ್ತು" ಎಂದು ಮತ್ತೆ ಅಂಗಡಿಗೆ ಹೋದೆ.

"ಸರ, ಡಜನ್ ಕಟ್ಟಿ ಕೊಡ್ಲ್ಯಾ?" ಅಂಗಡಿಯವ ಬುತ್ತಿ ಬಿಚ್ಚಿಕೊಂಡು ರೊಟ್ಟಿ ಮುರಿಯುತ್ತಿದ್ದ. ಕಥೆ ಹೇಳಿದೆ. "ಎರಡೂ ಒಂದ ಪತ್ರಾಕ್ಕ ಬಿಗದೀರೇನು?"

"ಹೌದು."

"ನಡುವ ಮೈಕಾ?"

ಕರೆಂಟು ದಾಟಗೊಡದ ಆ ಮೈಕಾ ಹಾಳೆ ಇರಲಿಲ್ಲ. ಇವುಗಳ ಲೋಹದ ಬೆನ್ನು ಇರುವುದು ನಡುವಿನ ಕಾಲಿಗೆ ಅಂಟಿಕೊಂಡೇ. ಒಂದರ ಬೆನ್ನು ಗ್ರೌಂಡಾದರೆ ಇನ್ನೊಂದರ ಬೆನ್ನು ಮೈನಸ್. ಎರಡನ್ನೂ ನಾನೇ ಕೈಯಾರೆ ಬೆಸೆದಿದ್ದೆ. ಕಾಲು ನೋಡಿದೆ, ಬೆನ್ನು ನೋಡಲಿಲ್ಲ. ಅವನು ಉಗುರಿನಷ್ಟು ಮೈಕಾ ಹಾಳೆ, ಒಂದು ಪ್ಲಾಸ್ಟಿಕ್ ವಾಷರು ಕೊಟ್ಟ. ದುಡ್ಡು ಬೇಡ ಅಂದ. ಅದೇ ಜಾಸ್ತಿ ಚುಚ್ಚಿತು.

ಮೈಕಾ ಹಾಕಿದೆ. ಫ್ಯೂಸು ಉಳಿಯಿತು. ಬೆನ್ನ ಪ್ಲೇಟಿಗೆ 14 ಸ್ಕ್ರೂ ತಿರುಗಿಸುವಷ್ಟರಲ್ಲಿ ಹೆಬ್ಬೆರಳಲ್ಲಿ ಗುಳ್ಳೆ. ಬನಿಯನ್ನು ಸರಿಸಿ, ಗಿಟಾರು ಸಿಕ್ಕಿಸಿ, ಸಣ್ಣ ತಂತಿ ಮೀಟಿದೆ. ಆಹಾ! ಹಳೆಯದಕ್ಕೆ ಇದ್ದ ಗುಂಯ್ ಸದ್ದೂ ಇಲ್ಲ. ಜೇನಿನಂಥ ನಾದ. ದಪ್ಪ ತಂತಿ ಮೀಟಿದೆ.

ಗರ್ರ್ರ್.

ಸ್ಕ್ರೂ ಬಿಗಿ ಮಾಡಿದೆ. ಪ್ಲೇಟು ಒತ್ತಿ ಹಿಡಿದೆ. ಉದ್ಯಮಬಾಗದ ಮೇಸ್ತ್ರಿಯ ಮೈಕ್ರಾನು ನೆನಪಾಗಿ ನಾಚಿಕೆಯಾಯಿತು. ಮತ್ತೆ ಗರ್ರ್ರ್.

ಅವ್ವ ಬಂದು ಬಾಗಿಲಲ್ಲಿ ನಿಂತಳು. "ಹೊಟ್ಟಿ ಚುರು ಚುರು ಅನ್ನಾಕತ್ತೈತಿ. ಇವತ್ತೇನೋ, ಹನ್ನೊಂದೂ ಹತ್ತ ಮುಗಿಯೂದ ಇಲ್ಲಲ್ಲೋ."

ಕಿಟಕಿಯಾಚೆ ಬೀದಿದೀಪ ಹತ್ತಿತ್ತು. ಪ್ಲಗ್ಗು ಕಿತ್ತು ಡಬ್ಬಿಯನ್ನು ಮೆಲ್ಲಗೆ ಒಂದು ಕಡೆ ವಾಲಿಸಿದೆ. ಒಳಗೆ ಏನೋ ಗುಡುಗುಡು ಉರುಳಿ ಹೋಗಿ ಆ ಮೂಲೆಗೆ ಬಡಿಯಿತು.

ಸ್ಕ್ರೂಡ್ರೈವರು ಎಲ್ಲಿಟ್ಟೆ ಅಂತ ಹುಡುಕತೊಡಗಿದೆ.