ಕಾವಲಿಗೆ ಕೂತವರ ಬಾಯಿಗೆ ಬೀಗ

"ಅದೆಲ್ಲ ಫೋನಲ್ಲಿ ಬೇಡ ಮಗಾ, ನೀನು ಬಂದಾಗ ಹೇಳ್ತೀನಿ."

ಅಮ್ಮ ಈ ಮಾತನ್ನು ತಿಂಗಳಿಗೊಮ್ಮೆಯಾದರೂ ಹೇಳುತ್ತಾಳೆ. ದೊಡ್ಡ ಗುಟ್ಟೇನೂ ಇರುವುದಿಲ್ಲ. ಜಮೀನಿನ ಪಾಲಿನ ವಿಷಯ, ಇಲ್ಲವೇ ನೆಂಟರ ಮನೆಯ ಜಗಳ. ಆದರೂ ದನಿ ತಗ್ಗಿಸುತ್ತಾಳೆ. "ನಮ್ಮ ಮಾತು ಯಾರಿಗೆ ಬೇಕಮ್ಮಾ?" ಎಂದು ನಾನು ಮೊದಲೆಲ್ಲ ಸಮಾಧಾನ ಹೇಳುತ್ತಿದ್ದೆ. ಅಮೆರಿಕಕ್ಕೆ ಬಂದು ಹದಿನಾರು ವರ್ಷವಾಯಿತು. ಈಗ ಹಾಗೆ ಹೇಳಲು ನಾಲಗೆ ಏಳುವುದಿಲ್ಲ.

ಯಾಕೆಂದರೆ ಇಲ್ಲಿನ ಕಾನೂನಿನ ಗೆರೆ ನಮ್ಮಿಬ್ಬರ ನಡುವೆಯೇ ಹಾದುಹೋಗಿದೆ. ನನ್ನ ಹತ್ತಿರ ಗ್ರೀನ್ ಕಾರ್ಡ್ ಇದೆ, ಹಾಗಾಗಿ ಈ ದೇಶದ ಸಂವಿಧಾನದ ರಕ್ಷಣೆ ನನಗಿದೆ. ಅಮ್ಮ ಹೊರದೇಶದಲ್ಲಿರುವ ವಿದೇಶಿ. ಇಲ್ಲಿನ ವಿದೇಶಿ ಗುಪ್ತಚರ ಕಣ್ಗಾವಲು ಕಾಯ್ದೆಗೆ 2008ರಲ್ಲಿ ಸೇರಿದ ಸೆಕ್ಷನ್ 702 ಪ್ರಕಾರ, ಹೊರದೇಶದಲ್ಲಿರುವ ವಿದೇಶಿಯರ ಫೋನ್ ಮಾತು, ಇಮೇಲ್, ಮೆಸೇಜುಗಳನ್ನು ಗುಪ್ತಚರ ಮಾಹಿತಿಗಾಗಿ ಸಂಗ್ರಹಿಸಲು ಒಬ್ಬೊಬ್ಬರ ಹೆಸರಿಗೂ ವಾರಂಟ್, ಅಂದರೆ ನ್ಯಾಯಾಧೀಶರ ಅನುಮತಿ, ಬೇಕಿಲ್ಲ. ರಹಸ್ಯ ನ್ಯಾಯಾಲಯವೊಂದು ವರ್ಷಕ್ಕೊಮ್ಮೆ ಇಡೀ ಯೋಜನೆಗೆ ಒಟ್ಟಾಗಿ ಒಪ್ಪಿಗೆ ಕೊಡುತ್ತದೆ. ಆ ವಿದೇಶಿಯ ಜೊತೆ ಮಾತಾಡಿದವರು ಅಮೆರಿಕದವರಾದರೆ ಅವರ ಮಾತೂ ಅದೇ ರಾಶಿಗೆ ಬಂದು ಬೀಳುತ್ತದೆ. ಆಮೇಲೆ ಆ ರಾಶಿಯಲ್ಲಿ ಇಲ್ಲಿಯವರ ಹೆಸರು ಹಾಕಿ ಹುಡುಕಲು ಎಫ್‌ಬಿಐಗೆ ಸಾಮಾನ್ಯವಾಗಿ ವಾರಂಟ್ ಬೇಕಾಗುವುದಿಲ್ಲ. 2 ಲಕ್ಷ 78 ಸಾವಿರಕ್ಕೂ ಹೆಚ್ಚು ಸಲ ಹೀಗೆ ನಿಯಮ ಮೀರಿ ಹುಡುಕಿದ್ದಾರೆ ಎಂದು ಆ ನ್ಯಾಯಾಲಯದ್ದೇ ಆದೇಶವೊಂದರಿಂದ 2023ರ ಮೇ ತಿಂಗಳಲ್ಲಿ ಹೊರಬಿತ್ತು. ಚುನಾವಣೆಗೆ ನಿಂತ ಒಬ್ಬ ಅಭ್ಯರ್ಥಿಗೆ ದೇಣಿಗೆ ಕೊಟ್ಟ 19 ಸಾವಿರ ಜನರ ಹೆಸರೂ ಅದರಲ್ಲಿತ್ತು.

ಅಮ್ಮನ ಫೋನಿನ ಮೇಲೆ ಯಾರೂ ಕಣ್ಣಿಟ್ಟಿಲ್ಲ, ಅದು ನನಗೂ ಗೊತ್ತು. ನನ್ನ ಚಿಂತೆ ಬೇರೆ. ಕೇಳಿಸಿಕೊಳ್ಳಬೇಕು ಅನ್ನುವವನೂ, ಆಗಲಿ ಕೇಳು ಅನ್ನುವವನೂ ಒಬ್ಬನೇ ಆಗಬಾರದು. ವಾರಂಟ್ ಅಂದರೆ ಇಷ್ಟೇ. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಒಂದು ಫೋನ್ ಬೂತಿನ ಹೊರಗೆ ಎಫ್‌ಬಿಐನವರು ಮೈಕ್ ಅಂಟಿಸಿ, ಒಳಗೆ ಮಾತಾಡುತ್ತಿದ್ದ ಜೂಜುಕೋರನ ಮಾತು ಕೇಳಿಸಿಕೊಂಡರು. ಬೂತು ಅವನದಲ್ಲ, ಗಾಜಿನ ಗೋಡೆಯ ಒಳಗೆ ಅವನು ಎಲ್ಲರಿಗೂ ಕಾಣುತ್ತಿದ್ದ. ಆದರೂ ಬಾಗಿಲು ಹಾಕಿಕೊಂಡು ಮಾತಾಡಿದವನಿಗೆ ತನ್ನ ಮಾತು ತನ್ನಲ್ಲೇ ಇರುತ್ತದೆ ಎಂದು ನಂಬುವ ಹಕ್ಕಿದೆ, ನ್ಯಾಯಾಧೀಶರ ಅನುಮತಿ ಇಲ್ಲದೆ ಕೇಳಿದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಜೂಜುಕೋರನಿಗೂ ಸಿಕ್ಕ ನ್ಯಾಯ ಅದು. ಈ ದೇಶದ ಬಗ್ಗೆ ನನಗೆ ಗೌರವ ಹುಟ್ಟಿಸಿದ ಸಂಗತಿಗಳಲ್ಲಿ ಇದೂ ಒಂದು.

ವಾರಂಟ್ ಇಲ್ಲದಿದ್ದರೇನು, ಜನಪ್ರತಿನಿಧಿಗಳ ಸಮಿತಿ ಕಾವಲಿಗಿದೆಯಲ್ಲ ಎಂದು ಇಲ್ಲಿ ತುಂಬ ಜನ ಹೇಳುತ್ತಾರೆ. ಅವರಿಗೆ ನಾನು ಒಂದು ವಿಡಿಯೊ ನೋಡಿ ಅನ್ನುತ್ತೇನೆ. 2013ರ ಮಾರ್ಚ್ 12, ಸೆನೆಟ್‌ನ ಗುಪ್ತಚರ ಸಮಿತಿಯ ಬಹಿರಂಗ ಸಭೆ. ಕೋಟ್ಯಂತರ ಅಮೆರಿಕನ್ನರ ಬಗ್ಗೆ ಕದ್ದಾಲಿಕೆಯ ಕೆಲಸ ಮಾಡುವ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಯಾವುದಾದರೂ ಮಾಹಿತಿ ಸಂಗ್ರಹಿಸುತ್ತದೆಯಾ ಎಂದು ಸೆನೆಟರ್ ರಾನ್ ವೈಡನ್ ಕೇಳುತ್ತಾರೆ. ಎದುರಿಗಿರುವವರು ರಾಷ್ಟ್ರೀಯ ಗುಪ್ತಚರ ನಿರ್ದೇಶಕ ಜೇಮ್ಸ್ ಕ್ಲ್ಯಾಪರ್. ಅವರು ತಲೆ ತಗ್ಗಿಸಿ, ಹಣೆ ಉಜ್ಜಿಕೊಳ್ಳುತ್ತಾ "ಇಲ್ಲ ಸರ್" ಅನ್ನುತ್ತಾರೆ. "ಇಲ್ಲವಾ?" ಎಂದು ವೈಡನ್ ಮತ್ತೆ ಕೇಳುತ್ತಾರೆ. "ಗೊತ್ತಿದ್ದೂ ಸಂಗ್ರಹಿಸುವುದಿಲ್ಲ" ಅನ್ನುತ್ತಾರೆ ಕ್ಲ್ಯಾಪರ್.

ವೈಡನ್‌ಗೆ ಉತ್ತರ ಮೊದಲೇ ಗೊತ್ತಿತ್ತು. ಪ್ರಶ್ನೆಯನ್ನು ಹಿಂದಿನ ದಿನವೇ ಕಳಿಸಿಯೂ ಇದ್ದರು. ಎದುರಿಗೆ ಕೂತವರು ನಿಜ ಹೇಳುತ್ತಿಲ್ಲ ಎಂದು ಗೊತ್ತಿದ್ದೂ "ಇದು ಸುಳ್ಳು" ಎಂದು ಅಲ್ಲೇ ಹೇಳಲು ಅವರಿಂದ ಆಗಲಿಲ್ಲ, ಏಕೆಂದರೆ ಸಮಿತಿಯಲ್ಲಿ ತಿಳಿದದ್ದು ರಹಸ್ಯ. ಸದನದೊಳಗೆ ಆಡಿದ ಮಾತಿಗೆ ಕೇಸು ಹಾಕುವಂತಿಲ್ಲ ಎಂಬ ರಕ್ಷಣೆ ಸಂವಿಧಾನದಲ್ಲಿದೆ, ನಿಜ. ಆದರೆ ರಹಸ್ಯ ಹೊರಹಾಕಿದವರ ಮೇಲೆ ಸದನವೇ ಕ್ರಮ ಕೈಗೊಳ್ಳಬಹುದು, ಸಮಿತಿಯ ಕುರ್ಚಿಯೂ ಹೋಗಬಹುದು. ಮೂರು ತಿಂಗಳ ಮೇಲೆ ಎನ್‌ಎಸ್‌ಎಗಾಗಿ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡನ್ ಕೊಟ್ಟ ರಹಸ್ಯ ಕಾಗದಗಳು ಪತ್ರಿಕೆಗಳಲ್ಲಿ ಬಂದವು. ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಫೋನ್ ಮಾಡಿದರು ಎಂಬ ಲೆಕ್ಕ ದಿನವೂ ಸರ್ಕಾರಕ್ಕೆ ಹೋಗುತ್ತಿತ್ತು ಎಂದು ಜನರಿಗೆ ಗೊತ್ತಾದದ್ದು ಆಗ.

ಇದಕ್ಕೂ ಹತ್ತು ವರ್ಷ ಹಿಂದಿನ ಇನ್ನೊಂದು ಕಾಗದ ನನ್ನನ್ನು ಜಾಸ್ತಿ ಕಾಡಿದೆ. 2001ರ ದಾಳಿಯ ನಂತರ ಅಧ್ಯಕ್ಷ ಬುಷ್ ಎನ್‌ಎಸ್‌ಎಗೆ ವಾರಂಟ್ ಇಲ್ಲದೆ ಕದ್ದಾಲಿಸಲು ಒಪ್ಪಿಗೆ ಕೊಟ್ಟಿದ್ದರು. ಇಲ್ಲಿನ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಬೆರಳೆಣಿಕೆಯ ಸದಸ್ಯರಿಗಷ್ಟೇ ಅದನ್ನು ತಿಳಿಸಿದ್ದರು. ಅವರಲ್ಲೊಬ್ಬರಾದ ಸೆನೆಟರ್ ಜೇ ರಾಕ್‌ಫೆಲರ್ 2003ರ ಜುಲೈ 17ರಂದು ಉಪಾಧ್ಯಕ್ಷರಿಗೆ ಪತ್ರ ಬರೆದರು. ಕೈಬರಹದ ಪತ್ರ! ತಾನು ತಂತ್ರಜ್ಞನೂ ಅಲ್ಲ, ವಕೀಲನೂ ಅಲ್ಲ, ಸಿಬ್ಬಂದಿಯ ಜೊತೆಗೂ ಚರ್ಚಿಸುವಂತಿಲ್ಲ, ಹೀಗಿರುವಾಗ ಸರಿ ತಪ್ಪು ಹೇಗೆ ಅಳೆಯಲಿ ಎಂಬುದು ಅದರ ತಿರುಳು. ಒಂದು ಪ್ರತಿಯನ್ನು ಮುಚ್ಚಿ ಸಮಿತಿಯ ತಿಜೋರಿಯಲ್ಲಿಟ್ಟರು. 2005ರಲ್ಲಿ ಪತ್ರಿಕೆಯೊಂದು ಕದ್ದಾಲಿಕೆಯನ್ನು ಬಯಲು ಮಾಡುವವರೆಗೂ ಅದು ಅಲ್ಲೇ ಇತ್ತು. ಎಷ್ಟೋ ಲಕ್ಷ ಜನರ ಮತ ಪಡೆದು ಗೆದ್ದ ಮನುಷ್ಯ ತನ್ನ ಸಂಕಟವನ್ನು ಬೀರುವಿಗೆ ಹೇಳಿಕೊಳ್ಳಬೇಕಾಯಿತು. ಇದನ್ನು ಕಾವಲು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಭಾರತದಲ್ಲಿ? ಅಲ್ಲಿ ನ್ಯಾಯಾಧೀಶರ ಸಹಿ ಬೇಕೇ ಇಲ್ಲ. ಗೃಹ ಕಾರ್ಯದರ್ಶಿಯ ಸಹಿ ಸಾಕು. 1996ರಲ್ಲಿ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಫೋನ್ ಕದ್ದಾಲಿಕೆ ಖಾಸಗಿತನದ ಮೇಲಿನ ದೊಡ್ಡ ಏಟು ಎಂದು ಒಪ್ಪಿತು, ಆದರೆ ಮೊದಲೇ ನ್ಯಾಯಾಧೀಶರ ಅನುಮತಿ ಬೇಕು ಅನ್ನಲಿಲ್ಲ. ಬದಲಿಗೆ ಪರಿಶೀಲನಾ ಸಮಿತಿ ಬಂತು. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ ಅದರಲ್ಲಿದ್ದಾರೆ. ಮೂವರೂ ಅಧಿಕಾರಿಗಳೇ. ಎರಡು ತಿಂಗಳಿಗೊಮ್ಮೆಯಾದರೂ ಅವರು ಸೇರಬೇಕು. ಕೇಂದ್ರ ಸರ್ಕಾರ ತಿಂಗಳಿಗೆ ಸರಾಸರಿ 7,500ರಿಂದ 9,000 ಕದ್ದಾಲಿಕೆ ಆದೇಶ ಕೊಡುತ್ತದೆ ಎಂದು ಮಾಹಿತಿ ಹಕ್ಕಿನಡಿ ಹಿಂದೊಮ್ಮೆ ಉತ್ತರ ಬಂದಿತ್ತು. ಅಂದರೆ ಒಂದೊಂದು ಸಭೆಗೆ 15,000ದಿಂದ 18,000 ಆದೇಶ. ಇಷ್ಟನ್ನು ಪರಿಶೀಲಿಸುವುದು ಆಗದ ಮಾತು ಎಂದು ಸರ್ಕಾರವೇ ನೇಮಿಸಿದ ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಹೇಳಿತು. ಒಂದು ಆದೇಶಕ್ಕೆ ಒಂದು ನಿಮಿಷ ಕೊಟ್ಟರೂ 15,000 ಆದೇಶಕ್ಕೆ 250 ಗಂಟೆ ಬೇಕು. ಓದುವುದು ಹೇಗೆ?

ಸಂಸತ್ತಿನ ಕಥೆ ಇನ್ನೂ ಬೇಸರದ್ದು. ಗುಪ್ತಚರ ಸಂಸ್ಥೆಗಳ ಮೇಲೆ ಕಣ್ಣಿಡುವ ಸಂಸದೀಯ ಸಮಿತಿಯೇ ನಮ್ಮಲ್ಲಿಲ್ಲ. 2021ರ ಜುಲೈನಲ್ಲಿ ಫೋನಿನೊಳಗೆ ನುಸುಳಿ ಕದ್ದು ನೋಡುವ ಪೆಗಾಸಸ್ ತಂತ್ರಾಂಶದ ಗಲಾಟೆ ಎದ್ದಾಗ ಐಟಿ ವಿಷಯದ ಸ್ಥಾಯಿ ಸಮಿತಿ ಸಭೆ ಕರೆಯಿತು. ಕರೆದ ಅಧಿಕಾರಿಗಳು ಬರಲಿಲ್ಲ. ಆಳುವ ಪಕ್ಷದ ಸದಸ್ಯರು ಹಾಜರಿ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಕೋರಂ ಇಲ್ಲದೆ ಸಭೆಯೇ ನಡೆಯಲಿಲ್ಲ. 2023ರ ಡಿಸೆಂಬರ್‌ನಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಪಾಸಾದಾಗ ಎರಡೂ ಸದನಗಳಿಂದ 146 ವಿರೋಧ ಪಕ್ಷದ ಸಂಸದರು ಅಮಾನತಾಗಿದ್ದರು. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಬಂದ ಈ ಕಾನೂನಿನಲ್ಲೂ ನ್ಯಾಯಾಧೀಶರಿಗೆ ಜಾಗ ಸಿಗಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿ ಆಗಲೇ ಆರು ವರ್ಷವಾಗಿತ್ತು. ಆ ಕೇಸು ಹಾಕಿದ್ದು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 86ರ ವಯಸ್ಸಿನಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದ್ದರು. ಅವರನ್ನು ನೆನೆದರೆ ನನಗೆ ಹೆಮ್ಮೆ, ಅದರ ಹಿಂದೆಯೇ ನೋವು.

ಆದರೆ ಒಂದು ವಿಷಯದಲ್ಲಿ ನಾನು ಇಲ್ಲಿಯವರ ಎದುರು ಎದೆಯೆತ್ತಿ ಮಾತಾಡುತ್ತೇನೆ. 1988ರ ಆಗಸ್ಟ್‌ನಲ್ಲಿ ಫೋನ್ ಕದ್ದಾಲಿಕೆ ವಿವಾದದಲ್ಲಿ ರಾಮಕೃಷ್ಣ ಹೆಗಡೆ ನೈತಿಕ ಹೊಣೆ ಹೊತ್ತು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಕ್ಲ್ಯಾಪರ್ ತಾನು ಕೊಟ್ಟ ಉತ್ತರ ತಪ್ಪು ಎಂದು ಪತ್ರ ಬರೆದು, 2017ರ ಜನವರಿವರೆಗೂ ಅದೇ ಹುದ್ದೆಯಲ್ಲಿದ್ದರು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳಿದಾಗ ನನ್ನ ಸಹೋದ್ಯೋಗಿಗಳು ನಂಬಲಿಲ್ಲ. ಒಂದು ರಾಜ್ಯದ ಮುಖ್ಯಮಂತ್ರಿ ಇದಕ್ಕಾಗಿ ಕುರ್ಚಿ ಬಿಟ್ಟರಾ ಎಂದು ಮತ್ತೆ ಮತ್ತೆ ಕೇಳಿದರು. ಆದರೆ ರಾಜೀನಾಮೆಯಿಂದ ಕಾನೂನು ಬದಲಾಗಲಿಲ್ಲ. 2019ರಲ್ಲಿ ಅದೇ ಕರ್ನಾಟಕದಲ್ಲಿ ಮತ್ತೆ ಕದ್ದಾಲಿಕೆಯ ಆರೋಪ ಎದ್ದು ತನಿಖೆ ಸಿಬಿಐಗೆ ಹೋಯಿತು.

ಭಯೋತ್ಪಾದಕರ ಮಾತು ಕೇಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಕೇಳಲಿ. ಆದರೆ ಮೊದಲು ಸರ್ಕಾರದ ಹೊರಗಿನ ಒಬ್ಬ ನ್ಯಾಯಾಧೀಶ, ಆ ಹೆಸರು ನೋಡಿ, ಕಾರಣ ಓದಿ ಸಹಿ ಹಾಕಲಿ. ತುರ್ತು ಇದ್ದರೆ ಮೊದಲು ಕೇಳಿ, ಒಂದೆರಡು ದಿನದಲ್ಲಿ ಸಹಿ ತರಲಿ. ಸಮಿತಿಯಲ್ಲಿ ಕೂತವರಿಗೆ ಕಾನೂನು ಬಲ್ಲ, ತಂತ್ರಜ್ಞಾನ ಬಲ್ಲ ಸಿಬ್ಬಂದಿ ಜೊತೆಗಿರಲಿ. ಎಷ್ಟು ಜನರ ಮಾತು ಕೇಳಿದರು ಎಂಬ ಲೆಕ್ಕವಾದರೂ ವರ್ಷಕ್ಕೊಮ್ಮೆ ಜನರ ಮುಂದೆ ಬರಲಿ. ಅಮೆರಿಕದಲ್ಲಿ ಈ ಲೆಕ್ಕ ಅಷ್ಟಿಷ್ಟು ಬರುತ್ತಿದೆ, ಭಾರತದಲ್ಲಿ ಕೇಳಿದರೂ ಸಿಗುವುದು ಕಷ್ಟ.

2024ರ ಏಪ್ರಿಲ್‌ನಲ್ಲಿ 702ರ ಅವಧಿ ವಿಸ್ತರಿಸುವ ಮಸೂದೆ ಬಂದಾಗ, ಅಮೆರಿಕದವರ ಹೆಸರು ಹಾಕಿ ಹುಡುಕಲು ವಾರಂಟ್ ಬೇಕು ಎಂಬ ತಿದ್ದುಪಡಿಯೂ ಬಂತು. ನನಗಿಲ್ಲಿ ಮತವಿಲ್ಲ. ಭಾರತದಲ್ಲಿ ಮತ ಹಾಕಬೇಕಾದರೆ ವಿಮಾನ ಹತ್ತಿ ಮತಗಟ್ಟೆಗೇ ಹೋಗಬೇಕು. ಆದರೂ ನಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ಪಿನ್ ಕೋಡ್ ಕೇಳಿದಳು, ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು, ಬರೆದುಕೊಂಡೆ ಅಂದಳು. ಏಪ್ರಿಲ್ 12ರಂದು ಮತದಾನ. ಆಫೀಸಿನ ಕೆಲಸ ಬಿಟ್ಟು ಪರದೆಯ ಮೇಲೆ ಎರಡೂ ಅಂಕಿ ಏರುವುದನ್ನೇ ನೋಡುತ್ತಾ ಕೂತಿದ್ದೆ. ಪರ 212, ವಿರೋಧ 212. ಸಮಬಲವಾದರೆ ತಿದ್ದುಪಡಿ ಬಿದ್ದಂತೆ. ಆ ವಾರ ಅಮ್ಮ ಫೋನಿನಲ್ಲಿ ದನಿ ತಗ್ಗಿಸಿದಾಗ, "ಸರಿ ಅಮ್ಮ, ಬಂದಾಗ ಹೇಳು" ಅಂದೆ.