ಹಚ್ ನಾಯಿಯ ಕಣ್ಣಿಗೆ ಊರೆಲ್ಲ ಡಾಕ್ಟರು

ಕೊಡಗಿನಲ್ಲಿ ಡಾಕ್ಟರುಗಳಿಗೆ ಬರ ಅಂತ ಯಾರು ಹೇಳಿದ್ದು? ನಾಯಿಯ ಕೆಂಪು ಕಣ್ಣಿನ ಫೋಟೋ ಒಂದನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ ನೋಡಿ. ಮಡಿಕೇರಿಯಿಂದ ಕುಟ್ಟದವರೆಗೆ ತಜ್ಞರು ಎದ್ದು ಕೂರುತ್ತಾರೆ. ಮಳೆಗೆ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ ಎಂದು ಕೂಲಿ ಲೆಕ್ಕಕ್ಕೆ ಫೋನ್ ಎತ್ತದವರಿಗೂ ಆಗ ಸಿಗ್ನಲ್ ಸಿಗುತ್ತದೆ.

ಈ ಸಲದ ರೋಗಿ ಹಚ್ ನಾಯಿ. ಪಗ್ ಅಂದರೆ ಅರ್ಧ ಜನಕ್ಕೆ ಈಗಲೂ ಗೊತ್ತಾಗಲ್ಲ. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ್ದೇ ಅದರ ಗ್ರಹಚಾರ. ಕಂಪನಿಯ ಹೆಸರು ಹೋಯಿತು, ನಾಯಿಗೆ ಅಂಟಿದ್ದು ಹೋಗಲಿಲ್ಲ. ಚಪ್ಪಟೆ ಮೂತಿ, ಆಳವಿಲ್ಲದ ಕಣ್ಣಿನ ಗೂಡು, ಹೊರಗೇ ನಿಂತ ಗುಡ್ಡೆ. ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚುವುದೂ ಇಲ್ಲ. ಅದಕ್ಕೇ ಅಲ್ವಾ ನಾವು ‘ಸೋ ಕ್ಯೂಟ್’ ಅನ್ನೋದು!

ನೆದರ್ಲೆಂಡ್ಸ್‌ನಲ್ಲಿ ಮೂತಿ ತೀರಾ ಗಿಡ್ಡ ಇರುವ ನಾಯಿಗಳಿಂದ ಮರಿ ಹಾಕಿಸುವಂತಿಲ್ಲ. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ದಿಲ್ಲಿಯಿಂದ ಸುತ್ತೋಲೆ ಬಂತು, 23 ಉಗ್ರ ತಳಿಗಳನ್ನು ನಿಷೇಧಿಸಿ ಅಂತ. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಚ್ಚುವ ನಾಯಿಗಾದರೂ ಒಂದು ತಿಂಗಳು ಮರ್ಯಾದೆ ಸಿಕ್ಕಿತು. ಕಣ್ಣು ಮುಚ್ಚೋಕೆ ಒದ್ದಾಡುವ ನಾಯಿಗೆ ಅದೂ ಇಲ್ಲ.

ಗ್ರೂಪಿಗೆ ಬರೋಣ. ಕಣ್ಣಿನ ಮೂಲೆಯಲ್ಲಿ ಕಾಫಿ ಹಣ್ಣಿನಂಥ ಕೆಂಪು ಗಂಟು. ಇದು ಚೆರಿ ಐ ಅಂತ ಯಾರೋ ಬರೆದರು. ತಕ್ಷಣ ಇನ್ನೊಬ್ಬರು ಆ ದಿನದ ರೋಬಸ್ಟಾ ಕಾಫಿ ಚೆರಿ ರೇಟ್ ಹಾಕಿದರು. ಆಮೇಲೆ ಅರಿಶಿನ ನೀರು, ತೆಂಗಿನೆಣ್ಣೆ, ಬಾಣಂತಿ ಹಾಲು. ದೃಷ್ಟಿ ತೆಗೆಯಿರಿ ಎಂದವರ ಮಾತೇ ಎಲ್ಲಕ್ಕಿಂತ ಸುರಕ್ಷಿತ, ಮೆಣಸಿನಕಾಯಿಯನ್ನು ನಾಯಿಯಿಂದ ದೂರ ಸುಟ್ಟರೆ. ‘ನಮ್ಮಜ್ಜನ ಬೇಟೆ ನಾಯಿಗೆ ಇದೆಲ್ಲ ಬಂದೇ ಇರಲಿಲ್ಲ’ ಎಂದರು ಒಬ್ಬ ಹಿರಿಯರು. ಹೌದು ಸ್ವಾಮಿ. ಆ ನಾಯಿಗೆ ಮೂತಿ ಅಂತ ಒಂದಿತ್ತು. ಅದು ಕಾಡುಹಂದಿ ಅಟ್ಟುತ್ತಿತ್ತು. ಇದು ಮಳೆ ಹನಿಗೆ ಹೆದರಿ ಸೋಫಾ ಮೇಲೇ ಉಚ್ಚೆ ಹೊಯ್ಯುತ್ತದೆ.

ಇನ್ನೊಬ್ಬರು, ‘ಗಂಟು ಕತ್ತರಿಸಿ ಬಿಸಾಡಿ’ ಎಂದರು. ಅದು ನಾಯಿಯ ಮೂರನೇ ರೆಪ್ಪೆಯ ಗ್ರಂಥಿ. ಕಣ್ಣೀರಿನಲ್ಲಿ ದೊಡ್ಡ ಪಾಲು ಬರುವುದೇ ಅಲ್ಲಿಂದ. ಕತ್ತರಿಸಿದರೆ ಕಣ್ಣು ಒಣಗಬಹುದು, ಆಮೇಲೆ ಜೀವನಪೂರ್ತಿ ಮುಲಾಮು. ಅದನ್ನು ಒಳಗೆ ಕೂರಿಸಿ ಹೊಲಿಗೆ ಹಾಕುವ ಆಪರೇಷನ್ ಇದೆ. ಆದರೆ ಕತ್ತರಿಸಿ ಅಂತ ಟೈಪ್ ಮಾಡೋದು ಸುಲಭ.

ಇಷ್ಟರವರೆಗೆ ನಗಬಹುದು. ಮೆಡಿಕಲ್ ಶಾಪಿನ ಡ್ರಾಪ್ಸ್ ವಿಷಯಕ್ಕೆ ನನಗೆ ನಗು ಬರಲ್ಲ. ಕಣ್ಣು ಕೆಂಪು ಅಂದರೆ ಸಾಕು, ಯಾರ ಕಣ್ಣು ಅಂತಲೂ ಕೇಳದೆ ಸ್ಟೀರಾಯ್ಡ್ ಡ್ರಾಪ್ಸ್ ಕೊಡುವ ಅಂಗಡಿಗಳಿವೆ. ಕೆಂಪು ಇಳಿಯುತ್ತದೆ, ಎಲ್ಲರಿಗೂ ಖುಷಿ. ಒಳಗೆ ಕರಿಗುಡ್ಡೆಯ ಮೇಲೆ ಒಂದು ಗೀರಿದ್ದರೆ ಅದು ಮಾಯುವುದಿಲ್ಲ, ಆಳಕ್ಕಿಳಿಯುತ್ತದೆ, ಕೊನೆಗೆ ತೂತಾಗಲೂಬಹುದು. ಗೀರಿದೆಯೋ ಇಲ್ಲವೋ ನೋಡಲು ಪಶುವೈದ್ಯರು ಕಣ್ಣಿಗೊಂದು ಬಣ್ಣ ಹಾಕುತ್ತಾರೆ. ಗೀರಿದ್ದ ಕಡೆ ಹಸಿರು ಹಿಡಿಯುತ್ತದೆ. ಕೆಲವೇ ನಿಮಿಷದ ಕೆಲಸ. ಮರಿಗೆ ಸಾವಿರಾರು ರೂಪಾಯಿ ಸುರಿದವರಿಗೆ ಆ ಕೆಲವು ನಿಮಿಷ ಸಿಗಲ್ಲ ಅಂದರೆ ಏನು ಹೇಳೋದು? ನಾಯಿಗೆ ಬಾಯಿಲ್ಲ. ನಮಗೆ ಅದು ಜಾಸ್ತಿಯಾಗಿದೆ.

ಗ್ರೂಪಿನಲ್ಲಿ ಒಬ್ಬರೇ ಒಬ್ಬರು, ‘ಪಶುವೈದ್ಯರಿಗೆ ತೋರಿಸಿ’ ಎಂದಿದ್ದರು. ಉತ್ತರ ಕೂಡಲೇ ಬಂತು: ‘ಅವರು ಹಸುಗಳ ಡಾಕ್ಟರ್ ಅಲ್ವಾ?’

ಹಸುವಿಗೂ ಕಣ್ಣಿದೆ, ಮಾರಾಯ್ರೇ.